ಎಳೆ ಆಡಿನ ಅಂಡಾಣುವಿಗೆ ಅವಸರ ಆಗದು

ಕಾರ್ಕಳ, ಬೆಳ್ತಂಗಡಿ, ಬಂಟ್ವಾಳದ ಕಡೆ ಈಚೆಗೆ ಆಡು ಸಾಕಣೆಗೆ ಇಳಿದವರಲ್ಲಿ ಗಲ್ಫ್‌ನಿಂದ ಮರಳಿದವರು ಬಹಳ ಮಂದಿ. ನೆಲದಿಂದ ನಾಲ್ಕೈದು ಅಡಿ ಎತ್ತರದ ಅಟ್ಟದ ಕೊಟ್ಟಿಗೆ, ಪಕ್ಕದಲ್ಲಿ ನೇಪಿಯರ್ ಹುಲ್ಲು, ಗೇಟಿನಲ್ಲಿ ಸಿಸಿ ಕ್ಯಾಮೆರಾ. ಮೊದಲೆಲ್ಲ ಇವರು ಫೋನ್ ಮಾಡಿದರೆ ಜಂತುಹುಳಕ್ಕೆ ಯಾವ ಔಷಧಿ, ಗೊರಸು ಕೊಳೆತರೆ ಏನು ಮಾಡುವುದು ಎಂದಷ್ಟೇ ಕೇಳುತ್ತಿದ್ದರು. ಈಗ ಕೇಳುವ ಧಾಟಿಯೇ ಬೇರೆ: "ಡಾಕ್ಟ್ರೇ, ಎರಡು ತಿಂಗಳ ಹೆಣ್ಣು ಮರಿಯ ಅಂಡಾಣು ತೆಗೆದು ಲ್ಯಾಬಿನಲ್ಲೇ ಭ್ರೂಣ ಮಾಡ್ತಾರಂತೆ, ಹೌದಾ?" ವಾಟ್ಸಾಪಿನಲ್ಲಿ ಯಾವುದೋ ವಿಡಿಯೊ ಓಡಾಡುತ್ತಿದೆ ಅಂತ ಕಾಣುತ್ತದೆ.

ಹೌದು, ಮಾಡುತ್ತಾರೆ. ಮರಿಗಳೂ ಹುಟ್ಟಿವೆ. ಆದರೆ ಆ ಅಂಡಾಣು ಎಷ್ಟು ಸತಾಯಿಸುತ್ತದೆ ಎಂಬುದನ್ನು ವಿಡಿಯೊದವರು ಹೇಳುವುದಿಲ್ಲ.

ಇಷ್ಟು ಎಳೆಯದರ ಮೇಲೆ ಕಣ್ಣು ಬಿದ್ದದ್ದು ಯಾಕೆ ಎಂಬುದಕ್ಕೆ ಲೆಕ್ಕ ಸರಳವಾಗಿದೆ. ನಮ್ಮಲ್ಲಿ ಹೆಣ್ಣು ಮರಿ ಬೆದೆಗೆ ಬರಲು ಏಳೆಂಟು ತಿಂಗಳಾದರೂ ಬೇಕು. ಮೈ ಕಟ್ಟಿದ ಮೇಲೆ ಹೋತ ಬಿಟ್ಟು, ಗಬ್ಬದ 150 ದಿನ ಕಳೆದು ಮೊದಲ ಮರಿ ಹಾಕುವಾಗ ಅದಕ್ಕೆ ಒಂದು ವರ್ಷ ದಾಟಿರುತ್ತದೆ, ಹೆಚ್ಚಿನವಕ್ಕೆ ಒಂದೂವರೆಯ ಹತ್ತಿರ. ಎರಡು ತಿಂಗಳಿನಲ್ಲಿ ಅಂಡಾಣು ತೆಗೆದು, ಭ್ರೂಣ ಮಾಡಿ, ಬೇರೆ ಆಡಿನ ಗರ್ಭದಲ್ಲಿ ಇಟ್ಟರೆ ಆ ಮರಿ ತಾನಿನ್ನೂ ಬೆದೆ ಕಾಣುವ ಮೊದಲೇ, ಏಳನೇ ತಿಂಗಳಿನಲ್ಲಿ, ತಾಯಿಯಾಗಿರುತ್ತದೆ. ತಳಿ ಸುಧಾರಿಸುವವರಿಗೆ ಒಂದೊಂದು ಪೀಳಿಗೆಯಲ್ಲಿ ಅರ್ಧಕ್ಕರ್ಧ ಸಮಯ ಉಳಿತಾಯ. ಹಾಲಿನಲ್ಲಿ ಮನುಷ್ಯರ ಔಷಧಿ ಕೊಡುವಂತೆ ಜೀನ್ ಸೇರಿಸಿದ ಆಡುಗಳೂ ಇವೆ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಎಟ್ರಿನ್ ಎಂಬ ಔಷಧಿ ಬಂದದ್ದು ಅಂಥ ಆಡಿನ ಹಾಲಿನಿಂದಲೇ. ಒಂದೇ ಒಂದು ಹೆಣ್ಣು ಮರಿಯಿಂದ ಹಿಂಡು ಕಟ್ಟಬೇಕಾದವರಿಗೆ ಆರು ತಿಂಗಳು ಸಣ್ಣ ಮಾತಲ್ಲ.

ಇನ್ನೊಂದು ಆಸೆ ಸಂಖ್ಯೆಯದು. ಮರಿ ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ ಜೀವಮಾನಕ್ಕೆ ಸಾಕಾಗುವಷ್ಟು ಅಂಡಾಣುಗಳಿರುತ್ತವೆ. ಒಂದೆರಡು ತಿಂಗಳ ಪ್ರಾಯದಲ್ಲಿ ಫಾಲಿಕಲ್‌ಗಳು, ಅಂದರೆ ಒಂದೊಂದು ಅಂಡಾಣುವನ್ನು ಒಳಗಿಟ್ಟುಕೊಂಡ ಪುಟ್ಟ ಚೀಲಗಳು, ಗುಂಪಾಗಿ ನೀರು ತುಂಬಿಕೊಂಡು ಉಬ್ಬಲು ತೊಡಗುತ್ತವೆ. ಆದರೆ ಅಂಡಾಣುವನ್ನು ಹೊರಗೆ ಬಿಡುವ ಎಲ್‌ಎಚ್ ಹಾರ್ಮೋನಿನ ಉಬ್ಬರ ಆ ಪ್ರಾಯದಲ್ಲಿ ಬರುವುದಿಲ್ಲ, ಹಾಗಾಗಿ ಅವೆಲ್ಲ ಅಲ್ಲೇ ಕರಗಿ ಹೋಗುತ್ತವೆ. ಫಾಲಿಕಲ್ ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನಿನ ಇಂಜೆಕ್ಷನ್ ಕೊಟ್ಟರಂತೂ ದೊಡ್ಡ ಆಡು ಕೊಡುವುದಕ್ಕಿಂತ ಎಷ್ಟೋ ಹೆಚ್ಚು ಅಂಡಾಣು ಒಂದು ಮರಿಯಿಂದ ಸಿಗುತ್ತದೆ. ಹೇಗೂ ವ್ಯರ್ಥವಾಗುವ ಸರಕು, ಉಪಯೋಗಿಸೋಣ ಎಂಬುದು ವಾದ.

ಕಲಿಯುವವರು ಕೆಲಸ ಶುರು ಮಾಡುವುದು ಕಸಾಯಿಖಾನೆಯಿಂದ ತಂದ ಅಂಡಾಶಯದಿಂದ. ಥರ್ಮಾಸಿನಲ್ಲಿ 37 ಡಿಗ್ರಿಯ ಸಲೈನ್, ಅದರೊಳಗೆ ಅವರೆಕಾಳಿಗಿಂತ ಹೆಚ್ಚು ದೊಡ್ಡದಲ್ಲದ ಜೋಡಿ. ಬೆಳೆದ ಆಡಿನದ್ದಾದರೆ ಸೂಜಿ ಚುಚ್ಚಿ ಫಾಲಿಕಲ್‌ನ ನೀರು ಎಳೆಯಬಹುದು. ಮರಿಯದರಲ್ಲಿ ಫಾಲಿಕಲ್‌ಗಳು 3 ಮಿಲಿಮೀಟರಿಗೂ ಕಡಿಮೆ ಇರುವುದರಿಂದ ಬ್ಲೇಡಿನಿಂದ ಮೇಲ್ಮೈಯನ್ನು ಸಣ್ಣಗೆ ಗೀರುತ್ತಾರೆ, ದ್ರವ ಪೆಟ್ರಿ ಡಿಶ್‌ಗೆ ಇಳಿಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ರಕ್ತಕಣ, ಅಂಗಾಂಶದ ಚೂರುಗಳ ನಡುವೆ ಅಲ್ಲೊಂದು ಇಲ್ಲೊಂದು ಅಂಡಾಣು. ಸುತ್ತ ಕ್ಯುಮುಲಸ್ ಕೋಶಗಳ ಪದರ ಬಿಗಿಯಾಗಿ ಅಂಟಿಕೊಂಡು, ಒಳಗೆ ಒಂದೇ ಸಮನಾದ ಗಾಢ ಕಂದು ಇದ್ದದ್ದನ್ನು ಹೆಕ್ಕುವುದು, ಬೋಳಾದವನ್ನು ಬಿಡುವುದು. ಈ ಹೆಕ್ಕುವ ಕೆಲಸಕ್ಕೆ ಕೈ ಪಳಗಲು ಸಾಕಷ್ಟು ದಿನ ಬೇಕು. ಬೇಗ ಮುಗಿಸಲೂಬೇಕು, ಯಾಕೆಂದರೆ ಅಂಡಾಣುವಿಗೆ ಎಸಿ ಕೋಣೆಯ ತಂಪು ಆಗುವುದಿಲ್ಲ. ಜೀವಂತ ಮರಿಯಾದರೆ ಅರಿವಳಿಕೆ ಕೊಟ್ಟು ಲ್ಯಾಪರೋಸ್ಕೋಪ್ ಇಳಿಸಿ ತೆಗೆಯುವುದು. ಐದಾರು ಕಿಲೋದ ಮರಿಗೆ ಅದು ದೊಡ್ಡ ಪರೀಕ್ಷೆಯೇ. ಸುಮ್ಮನೆ ಕುತೂಹಲಕ್ಕೆ ಮಾಡುವ ಕೆಲಸವಂತೂ ಅಲ್ಲ.

ಹೆಕ್ಕಿದ್ದನ್ನು ಹಾರ್ಮೋನು ಬೆರೆಸಿದ ಮಾಧ್ಯಮದಲ್ಲಿ 38.5 ಡಿಗ್ರಿಯಲ್ಲಿ ಸುಮಾರು 24 ಗಂಟೆ ಇಟ್ಟರೆ ಅಂಡಾಣು 'ಪಕ್ವ'ವಾಗುತ್ತದೆ. ಕ್ಯುಮುಲಸ್ ಹಿಗ್ಗುತ್ತದೆ, ಅಂಡಾಣು ವಿಭಜನೆಯಾಗುವಾಗ ಹೊರಹಾಕುವ ಸಣ್ಣ ಕೋಶ, ಧ್ರುವಕಾಯ, ಹೊರಬರುತ್ತದೆ. ವೀರ್ಯಾಣು ಸೇರಿಸಿದರೆ ಮರುದಿನ ಎರಡು ಕೋಶ, ಆಮೇಲೆ ನಾಲ್ಕು. ಎಲ್ಲ ಚೆಂದ. ತೊಡಕು ಮೂರನೇ ದಿನದ ಹೊತ್ತಿಗೆ, ಎಂಟರಿಂದ ಹದಿನಾರು ಕೋಶದ ಹಂತದಲ್ಲಿ. ಅಲ್ಲಿ ಸಾಲುಸಾಲಾಗಿ ನಿಂತುಬಿಡುತ್ತವೆ.

ಆಡಿನ ಭ್ರೂಣ ತನ್ನದೇ ಜೀನ್‌ಗಳನ್ನು ಚಾಲೂ ಮಾಡುವುದು ಆ ಹಂತದಲ್ಲೇ. ಅಲ್ಲಿಯವರೆಗೆ ಅದು ಬದುಕುವುದು ಅಂಡಾಣು ಬೆಳೆಯುವಾಗ ಕೂಡಿಟ್ಟ ಆರ್‌ಎನ್‌ಎ, ಪ್ರೋಟೀನು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ದಾಸ್ತಾನಿನ ಮೇಲೆ. ಎಳೆ ಮರಿಯ ಅಂಡಾಣುವಿನಲ್ಲಿ ಕೋಶಕೇಂದ್ರ ತಯಾರು, ದಾಸ್ತಾನು ಮಾತ್ರ ಅರೆಬರೆ. ಹೊಗೆ ಹಾಕಿ ಹಣ್ಣು ಮಾಡಿದ ಎಳೆ ಮಾವಿನಕಾಯಿಯ ಹಾಗೆ, ಸಿಪ್ಪೆ ಹಳದಿಯಾದರೂ ಒಳಗೆ ಗೊರಟದ ಹತ್ತಿರ ಬಿಳಿಯೇ. ಸೂಕ್ಷ್ಮದರ್ಶಕದಲ್ಲಿ ನಾವು ನೋಡುವುದು ಸಿಪ್ಪೆಯನ್ನಷ್ಟೇ.

ಆದ್ದರಿಂದ ಮೊದಲ ಸುಧಾರಣೆ ಆಯ್ಕೆಯಲ್ಲಿ. ಬ್ರಿಲಿಯಂಟ್ ಕ್ರೆಸಿಲ್ ಬ್ಲೂ ಎಂಬ ನೀಲಿ ಬಣ್ಣದಲ್ಲಿ ಅಂಡಾಣುಗಳನ್ನು ಸುಮಾರು ಒಂದೂವರೆ ಗಂಟೆ ಇಡುತ್ತಾರೆ. ಇನ್ನೂ ಬೆಳೆಯುತ್ತಿರುವ ಅಂಡಾಣುವಿನಲ್ಲಿ ಜಿ6ಪಿಡಿ ಎಂಬ ಕಿಣ್ವ ಚುರುಕಾಗಿರುತ್ತದೆ, ಅದು ಬಣ್ಣವನ್ನು ಅಳಿಸುತ್ತದೆ. ಬೆಳವಣಿಗೆ ಮುಗಿಸಿದ್ದರಲ್ಲಿ ಕಿಣ್ವ ತಣ್ಣಗಾಗಿರುವುದರಿಂದ ನೀಲಿ ಉಳಿಯುತ್ತದೆ. ನೀಲಿ ಉಳಿದವು ಗಾತ್ರದಲ್ಲೂ ದೊಡ್ಡವು. ಅಗ್ಗದ, ಒಳ್ಳೆಯ ಉಪಾಯ. ಆದರೆ ಇದರಿಂದ ಒಂದೇ ಒಂದು ಅಂಡಾಣುವೂ ಉತ್ತಮವಾಗುವುದಿಲ್ಲ, ಜೊಳ್ಳು ಬೇರೆಯಾಗುತ್ತದೆ ಅಷ್ಟೆ. ಕೆಲವು ವರದಿಗಳಲ್ಲಿ ಭ್ರೂಣವಾಗುವವುಗಳ ಶೇಕಡಾವಾರು ಏರಿದ್ದು ಹೀಗೆ ಭಾಜಕ ಚಿಕ್ಕದಾದದ್ದರಿಂದ ಎಂಬುದನ್ನು ಗಮನದಲ್ಲಿಡಬೇಕು.

ನನ್ನ ಮಟ್ಟಿಗೆ ನಿಜವಾದ ಪ್ರಗತಿ ಆಗಿರುವುದು ಬೇರೆ ಕಡೆ: ಅಂಡಾಣುವನ್ನು ತಡೆದು ನಿಲ್ಲಿಸುವುದರಲ್ಲಿ. 1935ರಲ್ಲೇ ಪಿಂಕಸ್ ಮತ್ತು ಎನ್ಜ್‌ಮನ್ ಮೊಲದ ಅಂಡಾಣುವನ್ನು ಫಾಲಿಕಲ್‌ನಿಂದ ಹೊರತೆಗೆದರೆ ಯಾವ ಹಾರ್ಮೋನಿಲ್ಲದೆಯೂ ಅದರ ಕೋಶಕೇಂದ್ರ ತಾನಾಗಿ ವಿಭಜನೆಗೆ ಹೊರಡುತ್ತದೆ ಎಂದು ತೋರಿಸಿದ್ದರು. ಅಂದರೆ ಫಾಲಿಕಲ್ ಮಾಡುವ ಮುಖ್ಯ ಕೆಲಸವೇ ಹಿಡಿದಿಡುವುದು. ಹೇಗೆ ಹಿಡಿಯುತ್ತದೆ ಎಂಬುದು ಸ್ಪಷ್ಟವಾದದ್ದು ಬಹಳ ತಡವಾಗಿ. ಫಾಲಿಕಲ್‌ನ ಗೋಡೆಯ ಕೋಶಗಳು ಸಿಎನ್‌ಪಿ ಎಂಬ ಸಣ್ಣ ಪೆಪ್ಟೈಡನ್ನು ಸ್ರವಿಸುತ್ತವೆ. ಅದು ಕ್ಯುಮುಲಸ್ ಕೋಶಗಳ ಮೇಲೆ ಕೂತು ಅವುಗಳಲ್ಲಿ ಸಿಜಿಎಂಪಿ ಎಂಬ ಸಂದೇಶ ಒಯ್ಯುವ ಅಣುವನ್ನು ಹೆಚ್ಚಿಸುತ್ತದೆ. ಆ ಸಿಜಿಎಂಪಿ ಅಂಡಾಣುವಿನೊಳಗೆ ದಾಟಿ, ಸಿಎಎಂಪಿ ಎಂಬ ಅಂಥದ್ದೇ ಇನ್ನೊಂದು ಅಣುವನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ. ಸಿಎಎಂಪಿ ಮೇಲ್ಮಟ್ಟದಲ್ಲಿ ಇರುವಷ್ಟು ಕಾಲ ಕೋಶಕೇಂದ್ರ ಅಲುಗುವುದಿಲ್ಲ. ನಾವು ಬ್ಲೇಡು ಹಾಕಿದ ಕ್ಷಣಕ್ಕೆ ಈ ಸರಪಳಿ ಕಡಿಯುತ್ತದೆ, ದಾಸ್ತಾನು ತುಂಬುವ ಮೊದಲೇ ಅಂಡಾಣು ಹೊರಟುಬಿಡುತ್ತದೆ.

ಈಗ ಮಾಡುವುದೇನೆಂದರೆ ಪಕ್ವಗೊಳಿಸುವ 24 ಗಂಟೆಗೆ ಮೊದಲು ಇನ್ನೊಂದು ಹಂತ ಸೇರಿಸುವುದು. ಸಿಎನ್‌ಪಿ, ಜೊತೆಗೆ ಎಸ್ಟ್ರಡಯೋಲ್ ಹಾರ್ಮೋನು ಇರುವ ಮಾಧ್ಯಮದಲ್ಲಿ ಕೆಲವು ಗಂಟೆ ಅಂಡಾಣುವನ್ನು ಸುಮ್ಮನೆ ಕೂರಿಸುವುದು. ಕ್ಯುಮುಲಸ್ ಕೋಶಗಳು ಅಂಡಾಣುವಿನ ಗಟ್ಟಿ ಹೊದಿಕೆಯನ್ನು ತೂರಿ ಕೂದಲೆಳೆಗಿಂತ ಎಷ್ಟೋ ತೆಳುವಾದ ಚಾಚುಗಳನ್ನು ಒಳಕ್ಕೆ ಇಳಿಸಿರುತ್ತವೆ, ಪೂರೈಕೆ ನಡೆಯುವುದು ಅವುಗಳ ಮೂಲಕ. ತಡೆ ಹಾಕಿದರೆ ಆ ಚಾಚುಗಳು ಹಿಂದೆ ಸರಿಯುವುದು ನಿಧಾನವಾಗುತ್ತದೆ, ಸರಬರಾಜು ಇನ್ನಷ್ಟು ಹೊತ್ತು ಸಾಗುತ್ತದೆ. ಬಾರ್ಸಿಲೋನಾದ ಸ್ವಾಯತ್ತ ವಿಶ್ವವಿದ್ಯಾಲಯದ ತಂಡ ಎಳೆ ಆಡುಗಳ ಅಂಡಾಣುವಿನ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದೆ. ಈ ಎರಡು ಹಂತದ ವಿಧಾನದಿಂದ ಬ್ಲಾಸ್ಟೊಸಿಸ್ಟ್ ಹಂತ, ಅಂದರೆ ಗರ್ಭಕ್ಕೆ ಇಡುವ ಮೊದಲಿನ ಟೊಳ್ಳು ಚೆಂಡಿನಂಥ ಹಂತ, ಮುಟ್ಟುವವುಗಳ ಸಂಖ್ಯೆ ಹೆಚ್ಚಿದೆ ಎಂದು ಅವರು ತೋರಿಸಿದ್ದಾರೆ.

ಇದೇ ತತ್ವ ಹೆಂಗಸರ ಚಿಕಿತ್ಸೆಗೂ ಬಂದಿದೆ. ಪಿಸಿಒಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ ಇರುವವರಿಗೆ ಇಂಜೆಕ್ಷನ್‌ಗಳ ಹೊರೆ ತಗ್ಗಿಸಲು 'ಕಾಪಾ ಐವಿಎಂ' (ಐವಿಎಂ ಎಂದರೆ ಅಂಡಾಣುವನ್ನು ಲ್ಯಾಬಿನಲ್ಲಿ ಪಕ್ವಗೊಳಿಸುವುದು) ಎಂಬ ಹೆಸರಿನಲ್ಲಿ ಬಳಸುತ್ತಾರೆ. ಕ್ಯಾನ್ಸರ್ ಚಿಕಿತ್ಸೆಗೆ ಮೊದಲು ಪುಟ್ಟ ಹೆಣ್ಣುಮಕ್ಕಳ ಅಂಡಾಶಯದ ಚೂರನ್ನು ಶೈತ್ಯದಲ್ಲಿ ಕಾಪಿಡುವುದುಂಟು. ಆ ಅಂಡಾಣುಗಳನ್ನು ಮುಂದೆ ಲ್ಯಾಬಿನಲ್ಲಿ ಬೆಳೆಸಬೇಕಾದಾಗ ಎದುರಾಗುವ ತೊಡಕು, ನಮ್ಮ ಆಡಿನ ಮರಿಯದೇ. ಭ್ರೂಣಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಕೊಡುವ ಮಣಿಪಾಲ ಪಕ್ಕದಲ್ಲೇ ಇರುವಾಗ ಪಶುವೈದ್ಯರೂ ಅಲ್ಲಿನವರೂ ಇನ್ನಷ್ಟು ಮಾತಾಡಿಕೊಳ್ಳಬಹುದಿತ್ತು ಎಂದು ನನಗೆ ಆಗಾಗ ಅನಿಸುವುದುಂಟು.

ಮೂರನೆಯ ಸುಧಾರಣೆ ಆಮ್ಲಜನಕದ ಕಾಟ ತಗ್ಗಿಸುವುದರಲ್ಲಿ. ನಾವು ಉಸಿರಾಡುವ ಗಾಳಿಯಲ್ಲಿ ಅದು 21 ಶೇಕಡಾ, ಅಂಡನಾಳದೊಳಗೆ ಅದರ ಅರ್ಧವೂ ಇರುವುದಿಲ್ಲ. ಹಾಗಾಗಿ ಭ್ರೂಣವನ್ನು 5 ಶೇಕಡಾ ಆಮ್ಲಜನಕದಲ್ಲಿ ಬೆಳೆಸುತ್ತಾರೆ. ಅಂಡಾಣು ಆ ಕಾಟದಿಂದ ತನ್ನ ರಕ್ಷಣೆಗೆ ಗ್ಲುಟಾಥಯಾನ್ ಎಂಬ ವಸ್ತುವನ್ನು ಕೂಡಿಡುತ್ತದೆ. ಒಳಗೆ ಬಂದ ವೀರ್ಯಾಣುವಿನ ತಲೆಯನ್ನು ಬಿಚ್ಚಲೂ ಅದೇ ಬೇಕು. ಎಳೆಯದರಲ್ಲಿ ಅದು ಕಡಿಮೆ, ಆದ್ದರಿಂದ ಅದನ್ನು ಹೆಚ್ಚಿಸಲು ಮಾಧ್ಯಮಕ್ಕೆ ಸಿಸ್ಟಿಯಮೀನ್ ಸೇರಿಸುತ್ತಾರೆ. ಮೆಲಟೋನಿನ್, ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್, ಕೇಸರಿಯ ಕ್ರೊಸೆಟಿನ್ ಕೂಡ ಪ್ರಯೋಗವಾಗಿವೆ. ಪ್ರಮಾಣ ಅತ್ಯಲ್ಪ, ಅದೂ ಡಿಶ್‌ನೊಳಗೆ. ದಯವಿಟ್ಟು ಆಡಿಗೆ ದ್ರಾಕ್ಷಿ ತಿನ್ನಿಸಲು ಹೊರಡಬೇಡಿ.

ವೀರ್ಯದ ವಿಚಾರ ಬೇಗ ಮುಗಿಯುತ್ತದೆ. ಹೋತದಿಂದ ಹೋತಕ್ಕೆ ವ್ಯತ್ಯಾಸ ಬಹಳ. ಊರಲ್ಲಿ ನೂರಾರು ಮರಿ ಹುಟ್ಟಿಸಿದ ಹೋತ ಡಿಶ್‌ನಲ್ಲಿ ಸೋಲುವುದುಂಟು. ಒಂದಕ್ಕಿಂತ ಹೆಚ್ಚು ವೀರ್ಯಾಣು ಒಳಬರದಂತೆ ತಡೆಯಲು ಅಂಡಾಣುವಿನ ಅಂಚಿಗೆ ಸೇರಬೇಕಾದ ಕಣಗಳು ಎಳೆಯದರಲ್ಲಿ ಇನ್ನೂ ಸೇರಿರುವುದಿಲ್ಲ, ಒಂದರ ಬೆನ್ನಿಗೆ ಎರಡನೆಯ ವೀರ್ಯಾಣುವೂ ನುಗ್ಗುತ್ತದೆ. ಅಂಥ ಭ್ರೂಣಕ್ಕೆ ಭವಿಷ್ಯವಿಲ್ಲ.

ಇನ್ನು ಕರಾವಳಿಯಲ್ಲಿ ಲ್ಯಾಬ್ ನಡೆಸುವುದೆಂದರೆ ಅದರದೇ ಕಿರಿಕಿರಿ. ವರ್ಷಕ್ಕೆ 3,500 ಮಿಲಿಮೀಟರ್ ಮೀರುವ ಮಳೆಯ ಊರಿದು. ಜೂನ್, ಜುಲೈನಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ, ಇನ್‌ಕ್ಯುಬೇಟರಿನ ನೀರಿನ ತಟ್ಟೆಗೆ ಬಾರದೆ ಇರುತ್ತದೆಯೇ? ಒಂದು ಶಿಲೀಂಧ್ರದ ಎಳೆ ಇಣುಕಿತೆಂದರೆ ಆ ವಾರದ ಡಿಶ್‌ಗಳೆಲ್ಲ ಹೋದಂತೆ. ಕರೆಂಟು ಹೋಗಿ ಇಂಗಾಲದ ಡೈಆಕ್ಸೈಡಿನ ಪ್ರಮಾಣ ಇಳಿದರೆ ಮಾಧ್ಯಮದ ಬಣ್ಣವೇ ಹೇಳುತ್ತದೆ: ಕೆಂಬಣ್ಣ ನೇರಳೆಗೆ ತಿರುಗುತ್ತದೆ. ಸಿಎನ್‌ಪಿಗೆ ಹಣ ಸುರಿಯುವ ಮೊದಲು ಯುಪಿಎಸ್‌ನ ಬ್ಯಾಟರಿ ಬದಲಾಯಿಸಿ ಎಂದು ಹೇಳುವವನು ನಾನು.

ನಮ್ಮ ಸಾಕಣೆದಾರರಿಗೆ ಇದರಿಂದ ಈಗ ಏನು ಪ್ರಯೋಜನ? ನೇರವಾಗಿ ಹೇಳಿದರೆ, ಇಪ್ಪತ್ತು ಆಡಿನ ಕೊಟ್ಟಿಗೆಗೆ ಏನೂ ಇಲ್ಲ. ಮಾಂಸಕ್ಕೆ ಸಾಕುವವರಿಗೆ ಒಳ್ಳೆಯ ಹೋತ, ಮಳೆಗಾಲಕ್ಕೆ ಮೊದಲು ಪಿಪಿಆರ್ (ಆಡಿನ ಪ್ಲೇಗು) ಮತ್ತು ಇಟಿ (ಕರುಳುಬೇನೆ) ಲಸಿಕೆ, ಜಂತುಹುಳದ ಲೆಕ್ಕ, ಇಷ್ಟರಲ್ಲೇ ಲಾಭ ನಷ್ಟ ತೀರ್ಮಾನವಾಗುತ್ತದೆ. ಕಾಸರಗೋಡಿನ ಕಡೆಯಿಂದ ಬರುವ ಮಲಬಾರಿ ಆಡು ಅವಳಿ ಮರಿಗೆ ಹೆಸರಾದದ್ದು, ಇಲ್ಲಿನ ಹವೆಗೂ ಒಗ್ಗುತ್ತದೆ. ಎಳೆ ಅಂಡಾಣುವಿನ ತಂತ್ರ ನಿಜಕ್ಕೂ ಬೇಕಾದದ್ದು ತಳಿ ಉಳಿಸುವವರಿಗೆ. ನಮ್ಮದೇ ರಾಜ್ಯದ ನಂದಿದುರ್ಗ, ಬೀದರಿ ಆಡುಗಳಲ್ಲಿ ಉತ್ತಮವಾದೊಂದು ಹೆಣ್ಣು ಮರಿ ಅಕಾಲದಲ್ಲಿ ಸತ್ತರೆ ಅದರ ಅಂಡಾಶಯವನ್ನು ಕೆಲವೇ ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ ವಂಶ ಉಳಿಸಿಕೊಳ್ಳುವ ದಾರಿ ಇದು. ಅಂಥ ಏರ್ಪಾಡಿಗೆ ಸರಕಾರ ದುಡ್ಡು ಹಾಕಿದರೆ ನಾನು ಬೆಂಬಲಿಸುತ್ತೇನೆ.

"ಭ್ರೂಣ ಮಾರಾಟಕ್ಕಿದೆ" ಎಂದು ಯಾರಾದರೂ ನಿಮ್ಮ ಬಳಿ ಬಂದರೆ, ಎಷ್ಟು ಬ್ಲಾಸ್ಟೊಸಿಸ್ಟ್ ಆಯಿತು ಎಂಬ ಅಂಕಿಗೆ ಮರುಳಾಗಬೇಡಿ. ಡಿಶ್‌ನಲ್ಲಿ ಎಂಟನೇ ದಿನ ದುಂಡಗೆ ಕಂಡದ್ದು ಗರ್ಭಕೋಶದಲ್ಲಿ ನಿಲ್ಲಲೇಬೇಕೆಂದಿಲ್ಲ. ಎಳೆ ಮರಿಯ ಭ್ರೂಣಗಳಲ್ಲಿ ಕೋಶಗಳ ಸಂಖ್ಯೆಯೇ ಕಡಿಮೆ ಇರಬಹುದು, ಶೈತ್ಯದಿಂದ ತೆಗೆದಾಗ ಸಾಯುವ ಪ್ರಮಾಣವೂ ಹೆಚ್ಚಾಗಬಹುದು. ಅಂಡಾಣು ಕೊಟ್ಟ ಆಡಿನ ಪ್ರಾಯ ಕೇಳಿ, ಭ್ರೂಣ ತಾಜಾವೋ ಶೈತ್ಯದ್ದೋ ಕೇಳಿ. ಎಷ್ಟು ಆಡಿಗೆ ಇಟ್ಟಿರಿ, ಎಷ್ಟು ಗಬ್ಬ ನಿಂತವು ಎಂದು ಕೇಳಿ ಸ್ಕ್ಯಾನ್ ವರದಿ ನೋಡಿ. ಆಡಿನ ಗಬ್ಬ 30-35 ದಿನಕ್ಕೆಲ್ಲ ಸ್ಕ್ಯಾನಿನಲ್ಲಿ ಕಾಣುತ್ತದೆ, ಐದು ತಿಂಗಳು ಕಾಯಿರಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ.