ಪಾಲಿಸ್ಟರ್‌ಗೆ ಫ್ರೀಕ್ವೆನ್ಸಿ ಕಡಿಮೆಯಂತೆ, ಉಟ್ಟರೆ ಕಾಯಿಲೆ ಬರುತ್ತಾ?

ಇಲ್ಲ. ಫ್ರೀಕ್ವೆನ್ಸಿಯಿಂದ ಯಾವ ಕಾಯಿಲೆಯೂ ಬರಲ್ಲ. ಎಷ್ಟು ಸಲ ಹೇಳಿದರೂ ಅಷ್ಟೇ. ಮಳೆ ಹಿಡಿದು ಸಕಲೇಶಪುರ, ಮೂಡಿಗೆರೆ ಕಡೆ ಕಾಟನ್ ಬಟ್ಟೆ ವಾರವಾದರೂ ಒಣಗದೆ ಮುಗ್ಗಲು ವಾಸನೆ ಬಂದು, ಜನ ಬೇಗ ಒಣಗುವ ಪಾಲಿಸ್ಟರ್ ಕೊಳ್ಳೋಕೆ ಹೊರಟರೆ ಸಾಕು, ಆ ವಾಟ್ಸಾಪ್ ಮೆಸೇಜ್ ಮತ್ತೆ ಬರುತ್ತದೆ. ಲಿನನ್‌ಗೆ 5000 ಹರ್ಟ್ಸ್, ಮನುಷ್ಯನ ಮೈಗೆ 100, ಪಾಲಿಸ್ಟರ್‌ಗೆ 15, ಸಾಯುವ ರೋಗಿಗೂ 15 ಅಂತೆ.

ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪನ ಅನ್ನುವ ಲೆಕ್ಕ. ಏನು ಕಂಪಿಸಿತು ಅಂತ ಹೇಳದಿದ್ದರೆ ಆ ನಂಬರಿಗೆ ಅರ್ಥವೇ ಇಲ್ಲ. ವೀಣೆಯ ತಂತಿ ಬಿಗಿ ಮಾಡಿದರೆ ಶ್ರುತಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ, ಅಲ್ವಾ? ಬಟ್ಟೆಗೂ ತನ್ನದೇ ಅಂತ ಒಂದು ನಂಬರ್ ಇಲ್ಲ. ಬೀರುವಿನಲ್ಲಿ ಮಡಚಿಟ್ಟ ಲಿನನ್ ಅಂಗಿ ಸೆಕೆಂಡಿಗೆ 5000 ಸಲ ಕಂಪಿಸುತ್ತಿದ್ದರೆ ಅದು ನಮ್ಮ ಕಿವಿಗೆ ಕೇಳಿಸಬೇಕಿತ್ತು, 5000 ಹರ್ಟ್ಸ್ ಕಿವಿಗೆ ಚೆನ್ನಾಗಿ ಕೇಳುವ ಶಬ್ದ. ಮೈಗೂ ಒಂದೇ ನಂಬರ್ ಇರಲ್ಲ. ಎದೆಬಡಿತ ನಿಮಿಷಕ್ಕೆ 72 ಇದ್ದರೆ ಸೆಕೆಂಡಿಗೆ 1.2 ಆಯಿತು, ಆ 100 ಎಲ್ಲಿಂದ ಬಂತು? ಇನ್ನು ಕೆಲವು ಮೆಸೇಜುಗಳಲ್ಲಿ ರೇಷ್ಮೆಯನ್ನೂ ಅದೇ 15ರ ಸಾಲಿಗೆ ಹಾಕಿದ್ದಾರೆ. ಧಾರೆ ಸೀರೆ ಉಟ್ಟ ಮದುಮಗಳಿಗೆ ರೋಗ ಬರುತ್ತೆ ಅಂತ ನಂಬುತ್ತೀರಾ? ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ನಿಜವಾದ ತೊಂದರೆಗಳು ಬೇರೆ ಇವೆ, ಈ ಗದ್ದಲದಲ್ಲಿ ಅವು ಯಾರ ಕಣ್ಣಿಗೂ ಬೀಳಲ್ಲ. ಕಾಟನ್ ಸುತ್ತಲಿನ ಗಾಳಿಯಿಂದಲೇ ತನ್ನ ತೂಕದ ಸುಮಾರು 8% ತೇವ ಹಿಡಿದುಕೊಳ್ಳುತ್ತದೆ, ಪಾಲಿಸ್ಟರ್ ಬರೀ 0.4%. ಬಿಗಿಯಾದ ಪಾಲಿಸ್ಟರ್ ಒಳಗೆ ಬೆವರು ಮೈಮೇಲೇ ನಿಲ್ಲುತ್ತದೆ, ತೊಡೆಸಂದಿಯಲ್ಲಿ ಹುಳುಕಡ್ಡಿ ಜಾಸ್ತಿಯಾಗುತ್ತದೆ. ಪಾಲಿಸ್ಟರ್‌ಗೆ ಹಾಕುವ ಡಿಸ್ಪರ್ಸ್ ಅನ್ನುವ ಬಗೆಯ ಬಣ್ಣಗಳಿಂದ, ಅದರಲ್ಲೂ ಕಡುನೀಲಿಯಿಂದ, ಕೆಲವರಿಗೆ ಚರ್ಮದ ಅಲರ್ಜಿ ಬರುತ್ತದೆ. ಒಲೆ ಮುಂದೆ ಮಾತ್ರ ಉಡಲೇಬೇಡಿ, ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅನುಮಾನವಿದ್ದರೆ ಬಟ್ಟೆಯ ಅಂಚಿನಿಂದ ಒಂದೇ ಎಳೆ ತೆಗೆದು ಸುಟ್ಟು ನೋಡಿ: ಕಾಟನ್ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಸ್ಟರ್ ಮುದುಡಿ ಕಪ್ಪು ಮಣಿಯಾಗುತ್ತದೆ.

ನೀರಿನ ಕಥೆ ಇನ್ನೂ ದೊಡ್ಡದು. ಪಾಲಿಸ್ಟರ್‌ನಂತೆ ಅಕ್ರಿಲಿಕ್ ಕೂಡ ಪ್ಲಾಸ್ಟಿಕ್ ನೂಲೇ. 6 ಕೆಜಿ ಅಕ್ರಿಲಿಕ್ ಬಟ್ಟೆಯನ್ನು ಒಂದು ಸಲ ಮೆಷಿನ್‌ಗೆ ಹಾಕಿದರೆ 7 ಲಕ್ಷಕ್ಕೂ ಜಾಸ್ತಿ ಸಣ್ಣ ಎಳೆಗಳು ಉದುರಬಹುದು ಅಂತ 2016ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಅಂದಾಜು ಮಾಡಿದರು. ನಮ್ಮ ಸ್ವೆಟರುಗಳಲ್ಲಿ ಎಷ್ಟೋ ಅಕ್ರಿಲಿಕ್ಕೇ. ಚಿಕ್ಕಮಗಳೂರಿನ ಚರಂಡಿ ಸೇರಿದ ಎಳೆ ಯಗಚಿ, ಹೇಮಾವತಿ ದಾಟಿ ಕಾವೇರಿವರೆಗೂ ಹೋಗಬಲ್ಲದು. ಬಟ್ಟೆ ಕೊಳೆಯಾದಾಗ ಮಾತ್ರ ಒಗೆಯಿರಿ, ತಣ್ಣೀರಲ್ಲಿ, ಮೆಷಿನ್ ತುಂಬಾ ಹಾಕಿ. ಎಳೆ ಕಡಿಮೆ ಉದುರುತ್ತದೆ.

ಹಾಗಾದರೆ ಹಳೇ ಪಾಲಿಸ್ಟರ್, ನೈಲಾನ್ ಸೀರೆ ಏನು ಮಾಡೋದು? ಇದನ್ನು ಯಾರೂ ಕೇಳಲ್ಲ, ಕೇಳಬೇಕಿತ್ತು. ಬಚ್ಚಲೊಲೆಗೆ ಹಾಕಬೇಡಿ. ನೈಲಾನ್, ಅಕ್ರಿಲಿಕ್ ಸುಟ್ಟ ಹೊಗೆಯಲ್ಲಿ ಸೈನೈಡ್ ಅನಿಲ ಇರುತ್ತದೆ, ಸ್ನಾನಕ್ಕೆ ಹೋದ ಮಕ್ಕಳು ಅದನ್ನೇ ಉಸಿರಾಡುತ್ತಾರೆ. ಹಂದಿ ಕಾಟಕ್ಕೆ ಗದ್ದೆ ಸುತ್ತ ಸೀರೆ ಕಟ್ಟುವುದು ತಪ್ಪಲ್ಲ. ಆದರೆ ಕುಯ್ಲಾದ ಮೇಲೂ ಬಿಟ್ಟರೆ ಬಿಸಿಲಿಗೆ ಸೆರಗು ಎಳೆಎಳೆಯಾಗಿ ಕೆಸರಿಗೆ ಸೇರುತ್ತದೆ. ಬಿಚ್ಚಿ ಅಟ್ಟದಲ್ಲಿಡಿ, ಮುಂದಿನ ವರ್ಷಕ್ಕೂ ಬರುತ್ತದೆ. ಜೂಲು ಬಿಟ್ಟಿದ್ದರೆ ಪಂಚಾಯಿತಿಯ ಒಣಕಸದ ಗಾಡಿಗೆ ಕೊಡಿ.