ಬಾಗುವ ಕನ್ನಡಿಯನ್ನು ಅಳೆಯಬೇಕಾದ ಬಗೆ

ಅಡಾಪ್ಟಿವ್ ಆಪ್ಟಿಕ್ಸ್‌ಗಾಗಿ (ವಾತಾವರಣ ಕದಡಿದ ಬೆಳಕನ್ನು ದೂರದರ್ಶಕದಲ್ಲಿ ಕ್ಷಣಕ್ಷಣಕ್ಕೂ ತಿದ್ದುವ ತಂತ್ರ) ಡಿಫಾರ್ಮಬಲ್ ಮಿರರ್, ಅಂದರೆ ಬಾಗುವ ಕನ್ನಡಿ, ಆರಿಸುವಾಗ ಎಲ್ಲರೂ ಮೊದಲು ಕೇಳುವುದು ಅದರಲ್ಲಿ ಎಷ್ಟು ಆಕ್ಚುಯೇಟರ್‌ಗಳಿವೆ ಎಂದು. ಪ್ರಶ್ನೆ ಸಹಜವೇ. ವಾತಾವರಣದ ಕ್ಷೋಭೆಗೆ ಸಿಕ್ಕ ತರಂಗಮುಖವು (ಬೆಳಕಿನ ಅಲೆಯ ಮುಂಭಾಗ) ಗೋಚರ ಬೆಳಕಿನಲ್ಲಿ, ಒಳ್ಳೆಯ ತಾಣದಲ್ಲಿಯೂ, ಸುಮಾರು 10ರಿಂದ 20 ಸೆಂ.ಮೀ. ಅಗಲಕ್ಕಷ್ಟೇ ಸಮವಾಗಿ ಉಳಿಯುವುದರಿಂದ, ದೂರದರ್ಶಕದ ವ್ಯಾಸ ಇಮ್ಮಡಿಯಾದರೆ ಕನ್ನಡಿಯನ್ನು ತಳ್ಳುವ, ಎಳೆಯುವ ಈ ಬಿಂದುಗಳು ನಾಲ್ಕು ಪಟ್ಟು ಬೇಕಾಗುತ್ತವೆ. ಆದರೂ ಕನ್ನಡಿಯ ಸುಧಾರಣೆ ಎಂದರೆ ಸಂಖ್ಯೆಯ ಏರಿಕೆ ಎಂಬ ಭಾವನೆಯನ್ನು ನಾನು ಒಪ್ಪುವುದಿಲ್ಲ. ಪ್ರತಿ ಬಿಂದುವೂ ಕೊಟ್ಟ ಆಜ್ಞೆಯಷ್ಟೇ ಚಲಿಸುತ್ತದೆಯೇ ಎಂಬುದು ಅದಕ್ಕಿಂತ ಮುಖ್ಯ.

ವೋಲ್ಟೇಜ್ ಕೊಟ್ಟಾಗ ಉದ್ದ ಬದಲಿಸುವ ಪೀಜೋ ಆಕ್ಚುಯೇಟರನ್ನೇ ನೋಡೋಣ. ವೋಲ್ಟೇಜ್ ಏರಿಸುತ್ತಾ ಹೋದಾಗ ಅದು ತಲುಪುವ ಸ್ಥಾನವೂ ಇಳಿಸುತ್ತಾ ಅದೇ ವೋಲ್ಟೇಜಿಗೆ ಬಂದಾಗ ನಿಲ್ಲುವ ಸ್ಥಾನವೂ ಬೇರೆಬೇರೆ, ಮತ್ತು ದೊಡ್ಡ ಚಲನೆಯಲ್ಲಿ ಈ ಅಂತರ ಶೇ. 10ನ್ನು ಮೀರುವುದುಂಟು. ಹಿಸ್ಟರಿಸಿಸ್ ಎನ್ನುವ ಈ ದೋಷ ಮುಚ್ಚಿದ ಲೂಪಿನಲ್ಲಿ ಅಷ್ಟಾಗಿ ಕಾಡುವುದಿಲ್ಲ, ಏಕೆಂದರೆ ಕನ್ನಡಿ ತಿದ್ದಿದ ಮೇಲೂ ಉಳಿದ ದೋಷವನ್ನು ಸೆನ್ಸರ್ ಕಂಡು ಮುಂದಿನ ಹೆಜ್ಜೆಯಲ್ಲಿ ತಿದ್ದುತ್ತದೆ. ಸೆನ್ಸರ್ ಕನ್ನಡಿಯನ್ನು ನೋಡದೆಯೇ ಆಜ್ಞೆ ಕೊಡುವ ತೆರೆದ ಲೂಪಿನಲ್ಲಿ ಅದೇ ದೋಷ ನೇರವಾಗಿ ಬಿಂಬಕ್ಕೆ ಸೇರುತ್ತದೆ.

ಸ್ಥಾಯಿವಿದ್ಯುತ್ ಬಲದಿಂದ ಬಾಗುವ ಮೆಮ್ಸ್ (ಚಿಪ್ಪಿನ ಮೇಲೆ ಕೆತ್ತಿದ ಅತಿಸೂಕ್ಷ್ಮ ಯಂತ್ರ) ಕನ್ನಡಿಗಳಲ್ಲಿ ಹಿಸ್ಟರಿಸಿಸ್ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅವುಗಳ ಚಲನೆ ಕೆಲವೇ ಮೈಕ್ರಾನ್. ಹೀಗಾಗಿಯೇ ಚಿಲಿಯ ಜೆಮಿನಿ ಸೌತ್ ದೂರದರ್ಶಕದಲ್ಲಿದ್ದ ಗ್ರಹಶೋಧಕ ಉಪಕರಣದಲ್ಲಿ ದೊಡ್ಡ, ನಿಧಾನದ ವಿರೂಪಗಳನ್ನು ಒಂದು ಪೀಜೋ ಕನ್ನಡಿಗೂ ಸೂಕ್ಷ್ಮ ವಿರೂಪಗಳನ್ನು 4096 ಆಕ್ಚುಯೇಟರ್‌ಗಳ ಮೆಮ್ಸ್ ಕನ್ನಡಿಗೂ ಹಂಚಲಾಗಿತ್ತು. ಅಲ್ಲಿ ಕೆಟ್ಟುಹೋದ ಕೆಲವು ಬಿಂದುಗಳ ಮೇಲೆ ಬಿದ್ದ ಬೆಳಕನ್ನು ಕೊರೊನಾಗ್ರಾಫಿನ (ನಕ್ಷತ್ರದ ಬೆಳಕನ್ನು ಮರೆಮಾಡುವ ಸಾಧನ) ಲಯೋ ತಡೆ ಎಂಬ ಬೆಳಕು ತಡೆಯುವ ಫಲಕದಲ್ಲಿ ಪುಟ್ಟ ಮರೆಗಳನ್ನಿಟ್ಟು ತಡೆಯಬೇಕಾಯಿತು. ಕನ್ನಡಿಯ ಉಳಿದ ಭಾಗ ನಡುಚಲನೆಯಲ್ಲಿ ನಿಂತಿರುವಾಗ ವೋಲ್ಟೇಜ್ ಸಿಗದ ಬಿಂದುವಿನಲ್ಲಿ ಒಂದು ಉಬ್ಬು ಉಳಿಯುತ್ತದೆ; ಅದನ್ನು ತಗ್ಗಿಸಲು ಹೊರಟ ನೆರೆಯ ಬಿಂದುಗಳು ತಮ್ಮ ಮಿತಿ ಮುಟ್ಟಿ ನಿಂತುಬಿಡುತ್ತವೆ, ಚದುರಿದ ಬೆಳಕು ಗ್ರಹವನ್ನು ಹುಡುಕಬೇಕಾದ ಕತ್ತಲ ವಲಯಕ್ಕೇ ಸೋರುತ್ತದೆ. ಇಂಥ ಬಿಂದು ಕಂಡಾಗ ಕನ್ನಡಿಯನ್ನು ದೂರುವ ಮೊದಲು ಕೇಬಲನ್ನು ಬೇರೆ ಚಾನೆಲ್ಲಿಗೆ ಬದಲಿಸಿ ನೋಡಿ: ದೋಷವೂ ಜಾಗ ಬದಲಿಸಿದರೆ ತಪ್ಪು ಡ್ರೈವರಿನದು ಅಥವಾ ಕನೆಕ್ಟರಿನದು. ತೇವವಿರುವ ಗಾಳಿಯಲ್ಲಿ ಹೆಚ್ಚು ವೋಲ್ಟೇಜ್ ಕೊಟ್ಟರೆ ಮೆಮ್ಸ್ ಆಕ್ಚುಯೇಟರ್‌ಗಳು ಹಾಳಾಗುವುದರಿಂದ ಒಣಗಾಳಿಯ ವ್ಯವಸ್ಥೆಯನ್ನೂ ಕನ್ನಡಿಯ ಭಾಗವೆಂದೇ ಎಣಿಸಬೇಕು.

ಚಿಲಿಯಲ್ಲಿರುವ ವಿ.ಎಲ್.ಟಿ.ಯ (ವೆರಿ ಲಾರ್ಜ್ ಟೆಲಿಸ್ಕೋಪ್) ನಾಲ್ಕನೆಯ ದೂರದರ್ಶಕದ ಬಾಗುವ ದ್ವಿತೀಯಕ ಕನ್ನಡಿ ನನಗೆ ಬಹಳ ಮೆಚ್ಚುಗೆಯಾದ ರಚನೆ. 1.1 ಮೀಟರ್ ವ್ಯಾಸದ, ಸುಮಾರು 2 ಮಿ.ಮೀ. ದಪ್ಪದ ಗಾಜಿನ ಹಾಳೆಯನ್ನು, ಧ್ವನಿವರ್ಧಕದಲ್ಲಿರುವಂತೆ ಕಾಂತಬಲದಿಂದ ಕೆಲಸ ಮಾಡುವ 1170 ವಾಯ್ಸ್ ಕಾಯಿಲ್‌ಗಳು ಮುಟ್ಟದೆಯೇ ಹಿಡಿದಿರುತ್ತವೆ. ಹಾಳೆಯ ಹಿಂದಿನ ಅಂತರವನ್ನು ಕೆಪ್ಯಾಸಿಟಿವ್ ಸೆನ್ಸರ್‌ಗಳು ಅಳೆಯುತ್ತಲೇ ಇರುತ್ತವೆ. ಒಂದು ಕಾಯಿಲ್ ಕೆಟ್ಟರೂ ಅದು ಮೇಲ್ಮೈಯನ್ನು ಕಚ್ಚಿ ಹಿಡಿಯದ ಕಾರಣ ನೆರೆಯವು ಆ ಭಾಗವನ್ನು ನಿಭಾಯಿಸಬಲ್ಲವು.

ಆದ್ದರಿಂದ ಕನ್ನಡಿಯನ್ನು ಒಪ್ಪಿಕೊಳ್ಳುವ ಮೊದಲು, ಅದು ಕೆಲಸ ಮಾಡಬೇಕಾದ ಉಷ್ಣಾಂಶದಲ್ಲಿಯೇ, ಪ್ರತಿ ಬಿಂದುವನ್ನೂ ಏರಿಸಿ ಇಳಿಸಿದ ವಕ್ರರೇಖೆಯನ್ನೂ ನೆರೆಯ ಎರಡು ಬಿಂದುಗಳ ನಡುವೆ ಸಾಧ್ಯವಾಗುವ ಗರಿಷ್ಠ ವ್ಯತ್ಯಾಸವನ್ನೂ ಬೆಳಕಿನ ಅಲೆಗಳಿಂದ ಮೇಲ್ಮೈಯನ್ನು ಅಳೆಯುವ ಇಂಟರ್‌ಫೆರೋಮೀಟರಿನಲ್ಲಿ ಅಳೆದು, ಸಪಾಟು ಮಾಡಿದ ಮೇಲ್ಮೈ ಕೆಲವು ಗಂಟೆಗಳ ನಂತರ ಎಷ್ಟು ಸರಿದಿದೆ ಎಂಬುದನ್ನು ಮತ್ತೊಮ್ಮೆ ದಾಖಲಿಸಿಕೊಳ್ಳಿ.