ಸೊಂಟಮಟ್ಟದ ನೀರಲ್ಲವೇ, ಮಗುಚಿದರೆ ಎದ್ದು ನಿಂತರಾಯಿತಲ್ಲ?

ಪ್ರಶ್ನೆ: ವೈಟ್‌ವಾಟರ್ ಕಯಾಕಿಂಗ್, ಅಂದರೆ ರಭಸದ ನದಿಯಲ್ಲಿ ಕಯಾಕ್ ಎಂಬ ಪುಟ್ಟ ದೋಣಿಯನ್ನು ಹುಟ್ಟು ಹಾಕಿ ನಡೆಸುವುದು, ಕಲಿಯುವ ಆಸೆ ಇದೆ. ಈಜು ಅಷ್ಟಕ್ಕಷ್ಟೆ. ಗಣೇಶಗುಡಿಯ ಹತ್ತಿರ ಕಾಳಿ ನದಿಯಲ್ಲಿ ನೀರು ಕಡಿಮೆ ಇರುವ ಕಡೆ ಶುರು ಮಾಡಬಹುದೇ? ಸೊಂಟಮಟ್ಟದ ನೀರು, ಮಗುಚಿದರೆ ಎದ್ದು ನಿಂತರಾಯಿತು ಅನ್ನುತ್ತಾರೆ ಗೆಳೆಯರು.

ಉತ್ತರ: ಕಲಿಯಬಹುದು. ಮೊದಲು ನಿಂತ ನೀರಿನಲ್ಲಿ ಕೆಲವು ದಿನ ಕಳೆಯಿರಿ. ಬೇಕೆಂದೇ ಕಯಾಕ್ ಮಗುಚಿಸಿ, ತಲೆಕೆಳಗಾಗಿಯೇ ಸ್ಪ್ರೇ ಸ್ಕರ್ಟಿನ (ನೀರು ಒಳಗೆ ಬರದಂತೆ ಸೊಂಟದ ಸುತ್ತ ಕಯಾಕಿನ ಬಾಯಿ ಮುಚ್ಚುವ ಹೊದಿಕೆ) ಮುಂದಿನ ಕುಣಿಕೆ ಎಳೆದು ಹೊರಬರುವುದನ್ನು ಕಣ್ಣು ಮುಚ್ಚಿಕೊಂಡು ಮಾಡುವಷ್ಟು ರೂಢಿ ಮಾಡಿಕೊಳ್ಳಿ. ಈಜನ್ನೂ ಅಷ್ಟರೊಳಗೆ ಸುಧಾರಿಸಿಕೊಳ್ಳಿ.

ಇನ್ನು ಗೆಳೆಯರ ಮಾತು. "ಎದ್ದು ನಿಂತರಾಯಿತು" ಅನ್ನುವುದನ್ನು ಪ್ರತಿ ಸೀಸನ್ನಿನಲ್ಲೂ ಕೇಳುತ್ತೇನೆ. ಪ್ರತಿ ಸಲ ಬಿಡಿಸಿ ಹೇಳುತ್ತೇನೆ. ಮುಂದಿನ ವಾರ ಬಂದವರು ಮತ್ತೆ ಅದನ್ನೇ ಹೇಳುತ್ತಾರೆ. ಹಾಗಾಗಿ ಇವತ್ತು ಪೂರ್ತಿ ಬರೆದಿಡುತ್ತೇನೆ: ರಭಸವಾಗಿ ಹರಿಯುವ ನೀರಿನಲ್ಲಿ ಕಾಲೂರಿ ನಿಲ್ಲಲು ಹೋಗುವುದು ನೀವು ಮಾಡಬಹುದಾದ ಅತ್ಯಂತ ಅಪಾಯದ ಕೆಲಸ. ಆಳ ಕಡಿಮೆಯಿದ್ದಷ್ಟೂ ಆ ಆಸೆ ಹೆಚ್ಚು, ಆದ್ದರಿಂದ ಅಪಾಯವೂ ಹೆಚ್ಚು.

ಆಗುವುದು ಇಷ್ಟು. ನದಿಯ ತಳ ಈಜುಕೊಳದ ಹಾಗೆ ಸಪಾಟಾಗಿ ಇರುವುದಿಲ್ಲ. ಬಂಡೆ, ಬಂಡೆಯ ನಡುವೆ ಸಂದು, ಸಂದಿನ ಮೇಲೆ ಪಾಚಿ. ನೀರು ನಿಮ್ಮನ್ನು ಒಯ್ಯುತ್ತಿರುವಾಗ ಕಾಲು ಕೆಳಗೆ ಬಿಟ್ಟರೆ ಪಾದ ಸಂದಿಗೆ ಹೋಗಿ ಬೆಣೆ ಹೊಡೆದಂತೆ ಕೂರುತ್ತದೆ. ಪಾದ ನಿಂತಿತು, ಮೈ ನಿಲ್ಲಲಿಲ್ಲ. ಬೆನ್ನ ಹಿಂದಿನ ನೀರು ನಿಮ್ಮನ್ನು ಮುಂದಕ್ಕೆ ಮಡಚಿ ಮಲಗಿಸುತ್ತದೆ, ಮುಖ ನೀರಿನೊಳಗೆ. ಇದಕ್ಕೆ ತೊಡೆಮಟ್ಟದ ನೀರು ಧಾರಾಳ ಸಾಕು.

"ಕೈಯೂರಿ ಏಳಬಹುದಲ್ಲ ಸರ್" ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಸೆಕೆಂಡಿಗೆ 1 ಮೀಟರ್, ಅಂದರೆ ನಿಧಾನ ನಡಿಗೆಯ ವೇಗದ ನೀರು ಬೆನ್ನಿಗೆ ಸುಮಾರು 15 ಕಿಲೋ ತೂಕದಷ್ಟು ಒತ್ತುತ್ತದೆ. ಅದೇ ನೀರು ಸೆಕೆಂಡಿಗೆ 2 ಮೀಟರ್ ಹರಿದರೆ 60 ಕಿಲೋ. ಒಂದು ಸಿಮೆಂಟ್ ಚೀಲಕ್ಕಿಂತ ಹೆಚ್ಚು, ಅದೂ ಒಂದು ಕ್ಷಣವೂ ಬಿಡುವು ಕೊಡದೆ. ಎಂಥ ಈಜುಗಾರನಾದರೂ ಸಿಕ್ಕಿಕೊಂಡ ಕಾಲಿನಲ್ಲಿ ಈಜಲಾರ. ಲೈಫ್ ಜಾಕೆಟ್ಟಿಗೂ ಈ ಒತ್ತಡದೆದುರು ನಿಮ್ಮನ್ನು ಮೇಲೆತ್ತುವ ಶಕ್ತಿ ಇಲ್ಲ.

ಮಲೆನಾಡಿನ ಹುಡುಗನೊಬ್ಬ ಕೇಳಿದ: "ನಮ್ಮಜ್ಜ ಮಳೆಗಾಲದಲ್ಲೂ ನಡೆದೇ ಹಳ್ಳ ದಾಟ್ತಿದ್ರಲ್ಲ?" ಒಳ್ಳೆಯ ಪ್ರಶ್ನೆ, ಕೇಳಿದ್ದಕ್ಕೆ ಖುಷಿಯಾಯಿತು. ಅಜ್ಜ ಹೇಗೆ ದಾಟುತ್ತಿದ್ದರು ನೆನಪು ಮಾಡಿಕೋ ಅಂದೆ. ಕೈಯಲ್ಲೊಂದು ದೊಣ್ಣೆ. ಮುಖ ನೀರು ಬರುವ ಕಡೆಗೆ. ದೊಣ್ಣೆ ಊರಿ, ಒಂದು ಕಾಲು ಭದ್ರವಾದ ಮೇಲೆಯೇ ಇನ್ನೊಂದು ಕಾಲು. ದಡದಿಂದ ತಾವಾಗಿ ಇಳಿದವರು ಅವರು, ಎಲ್ಲಿ ಹೆಜ್ಜೆ ಇಡಬೇಕೆಂದು ತೀರ್ಮಾನಿಸಿದವರೂ ಅವರೇ. ಕಯಾಕಿನಿಂದ ಬಿದ್ದ ನೀನು ನೀರಿನ ವೇಗದಲ್ಲೇ ಬರುತ್ತಿರುತ್ತೀ. ನಿನ್ನ ಹೆಜ್ಜೆ ಎಲ್ಲಿ ಬೀಳಬೇಕು ಅಂತ ತೀರ್ಮಾನಿಸುವುದು ನೀರು.

ಹಾಗಾದರೆ ಬಿದ್ದಾಗ ಏನು ಮಾಡಬೇಕು? ಅಂಗಾತ ತೇಲಿ. ಕಾಲು ಮುಂದಕ್ಕೆ, ಕಾಲ್ಬೆರಳು ನೀರಿನ ಮೇಲೆ ಕಾಣುತ್ತಿರಬೇಕು. ಬಂಡೆ ಬಂದರೆ ಪಾದದಿಂದ ಒದ್ದು ದೂರ ಸರಿಯಿರಿ. ಕೈ ಬೀಸುತ್ತ ಎಡ್ಡಿಯ ಕಡೆ ಸಾಗಿ, ಅಂದರೆ ಬಂಡೆಯ ಮರೆಯಲ್ಲಿ ನೀರು ಹಿಂದಕ್ಕೆ ತಿರುಗಿ ಶಾಂತವಾಗುವ ಜಾಗಕ್ಕೆ. ಅಲ್ಲೂ ಅವಸರ ಬೇಡ. ಕುಂಡೆ ಕಲ್ಲಿಗೆ ತಾಗಿದ ಮೇಲೆ ಮಗ್ಗುಲಾಗಿ, ಅಂಬೆಗಾಲಿಟ್ಟು ದಡ ಸೇರಿ.

ಮುಂದೆ ಮರ ಬಿದ್ದಿದ್ದರೆ ಮಾತ್ರ ಈ ನಿಯಮ ತಿರುಗಾಮುರುಗಾ. ನೀರು ಕೊಂಬೆಗಳ ನಡುವೆ ಜರಡಿಯ ಹಾಗೆ ಸೋಸಿ ಹೋಗುತ್ತದೆ, ಮನುಷ್ಯ ಹೋಗಲಾರ. ಆಗ ಬೋರಲಾಗಿ, ಶಕ್ತಿಯಿದ್ದಷ್ಟು ಈಜಿ ಅದರಿಂದ ಪಕ್ಕಕ್ಕೆ ಸರಿಯಬೇಕು. ಆಗಲೇ ಇಲ್ಲವೆಂದಾದರೆ ತಲೆ ಮುಂದಾಗಿ ಹೋಗಿ ಮರದ ಮೇಲೆ ಹತ್ತಿಬಿಡಬೇಕು.

ಹೆಲ್ಮೆಟ್ ವಿಷಯಕ್ಕೆ ನನ್ನದೇ ಅನುಭವ. ಕಲಿಯಲು ಶುರು ಮಾಡಿದ ಹೊಸದರಲ್ಲಿ ಕಯಾಕ್ ಅಡ್ಡಡ್ಡವಾಗಿ ಒಂದು ಬಂಡೆಯ ಕಡೆ ಹೋಯಿತು. ಹೆದರಿ ಬಂಡೆಯಿಂದ ಆಚೆಗೆ ವಾಲಿದೆ. ನೀರು ಬರುವ ಕಡೆಯ ಅಂಚು ತಗ್ಗಿತು, ಹರಿವು ಅದರ ಮೇಲೇರಿತು, ಕಣ್ಣು ಮಿಟುಕಿಸುವುದರಲ್ಲಿ ನಾನು ಕೆಳಗೆ. ಸೊಂಟಮಟ್ಟದ ನೀರೇ. ಆದರೆ ಕಯಾಕಿನಲ್ಲಿ ಕೂತು ತಲೆಕೆಳಗಾದವನ ತಲೆಗೆ ಸೊಂಟಮಟ್ಟವೆಂದರೆ ನೇರ ತಳದ ಕಲ್ಲು. ಗಾಬರಿಗೆ ಹಿಂದಕ್ಕೆ ಬಾಗಿದೆ, ಹಣೆಯ ಮೇಲಿನ ಹೆಲ್ಮೆಟ್ ಅಂಚು ಕಲ್ಲಿನ ಮೇಲೆ ಕರಕರ ಉಜ್ಜುತ್ತ ಹೋದದ್ದು ಕಿವಿಯೊಳಗೆ ಕೇಳಿಸಿತು. ದಡದಲ್ಲಿ ಗುರುಗಳು ಬೈಯಲಿಲ್ಲ. ನನ್ನ ಬೆರಳು ಹಿಡಿದು ಆ ಗೀರಿನ ಉದ್ದಕ್ಕೂ ಆಡಿಸಿದರು. ಹುಬ್ಬಿನ ಮೇಲಿಂದ ಶುರುವಾದ ಗೀರು ನೆತ್ತಿಯವರೆಗೂ ಇತ್ತು.

ಅವತ್ತು ಕಲಿತದ್ದನ್ನೇ ಇವತ್ತು ಕಲಿಸುತ್ತೇನೆ: ಬಂಡೆಗೆ ತಾಗುವುದು ಖಚಿತವಾದರೆ ಅದರ ಕಡೆಗೇ ವಾಲಿ, ತಬ್ಬಿಕೊಳ್ಳುವ ಹಾಗೆ. ಮಗುಚಿದರೆ ಮುಂದಕ್ಕೆ ಬಾಗಿ, ಹಣೆ ಕಯಾಕಿಗೆ ತಾಗುವಷ್ಟು. ಪೆಟ್ಟು ಬಿದ್ದರೂ ಹೆಲ್ಮೆಟ್ಟಿಗೆ, ಬೆನ್ನಿನ ಜಾಕೆಟ್ಟಿಗೆ ಬೀಳುತ್ತದೆ, ಮುಖ ಉಳಿಯುತ್ತದೆ.

ಯಾರೂ ಕೇಳದ ಇನ್ನೊಂದು ಮಾತಿದೆ. ಬೆಳಿಗ್ಗೆ ಕಂಡ ಸೊಂಟಮಟ್ಟ ಮಧ್ಯಾಹ್ನಕ್ಕೂ ಸೊಂಟಮಟ್ಟವೇ? ಗಣೇಶಗುಡಿಯಲ್ಲಿ ಕಾಳಿಯ ನೀರು ಮಳೆಯನ್ನಷ್ಟೇ ನಂಬಿಲ್ಲ. ಮೇಲೆ ಸೂಪಾ ಅಣೆಕಟ್ಟಿದೆ, ಅದರ ಬುಡದಲ್ಲಿ ತಲಾ 50 ಮೆಗಾವಾಟಿನ ಎರಡು ವಿದ್ಯುತ್ ಯಂತ್ರಗಳಿವೆ. ಯಂತ್ರ ತಿರುಗಿದರೆ ನೀರು ಬರುತ್ತದೆ, ನಿಂತರೆ ಇಳಿಯುತ್ತದೆ. ಊರಿಗೆ ಕರೆಂಟು ಬೇಕಾದ ಹೊತ್ತಿಗೆ ನದಿ ಏರುತ್ತದೆ, ಆಕಾಶದಲ್ಲಿ ಒಂದು ಮೋಡವೂ ಇಲ್ಲದಿದ್ದರೂ. ನೀರು ಏರಿದಾಗ ಆಳದ ಜೊತೆ ವೇಗವೂ ಏರುತ್ತದೆ, ಬೆಳಿಗ್ಗೆ ಗುರುತು ಹಾಕಿಕೊಂಡ ಬಂಡೆಗಳು ಮುಳುಗುತ್ತವೆ, ನೀವು ನೆಚ್ಚಿಕೊಂಡ ಎಡ್ಡಿ ಅಲ್ಲಿ ಇರುವುದೇ ಇಲ್ಲ. ಹಾಗಾಗಿ ನೀರಿಗಿಳಿಯುವ ಮೊದಲು ಆ ದಿನ ನೀರು ಯಾವ ಹೊತ್ತಿಗೆ ಬಿಡುತ್ತಾರೆಂದು ಸ್ಥಳೀಯ ಗೈಡ್‌ಗಳನ್ನು ಕೇಳಿ.

ನಾನು ದಡಕ್ಕೆ ಬಂದ ಕೂಡಲೇ ಮುಷ್ಟಿಗಾತ್ರದ ಒಂದು ಬಿಳಿ ಕಲ್ಲನ್ನು ನೀರಿನ ಅಂಚಿಗೆ, ಒಣ ಜಾಗದಲ್ಲಿ ಇಡುತ್ತೇನೆ. ಹತ್ತು ನಿಮಿಷಕ್ಕೊಮ್ಮೆ ಅದರ ಕಡೆ ನೋಡುವುದು ಒಬ್ಬ ವಿದ್ಯಾರ್ಥಿಯ ಕೆಲಸ. ಕಲ್ಲು ಒದ್ದೆಯಾದರೆ ಅವನು ಸೀಟಿ ಊದುತ್ತಾನೆ, ಎಲ್ಲರೂ ದಡಕ್ಕೆ ಬರುತ್ತಾರೆ.